ಹೀಟ್ಸ್ ಮುಗಿಯಿತೆಂದು ಎದ್ದು ಹೋಗಬೇಡಿ

ಮುಂಬೈಯ ಚೆಂಬೂರಿನಲ್ಲಿ ಮಹಾನಗರಪಾಲಿಕೆಯ ಈಜುಕೊಳವೊಂದಿದೆ, ಜನರಲ್ ಅರುಣಕುಮಾರ್ ವೈದ್ಯರ ಹೆಸರಿನದು. ಅಲ್ಲಿ ಬೆಳಗಿನ ಬ್ಯಾಚ್ ಮುಗಿಸಿ, ಒದ್ದೆ ಟವೆಲ್ಲನ್ನು ಚೀಲಕ್ಕೆ ತುರುಕಿ, ನೇರ ಕಾಫಿಗೆ ಹೋಗಿ ಕೂರುವ ಕನ್ನಡದವರ ಗುಂಪೊಂದಿದೆ. ಹೋಟೆಲನ್ನು ಮಗನಿಗೆ ಒಪ್ಪಿಸಿ ಆರಾಮಾದ ಶೆಟ್ರು, ಧಾರವಾಡ ಕಡೆಯ ನಿವೃತ್ತ ಮಾಸ್ತರು, ಅಣುಶಕ್ತಿನಗರದಿಂದ ಬರುವ ಎಂಜಿನಿಯರ್ ಸಾಹೇಬರು, ಮತ್ತೆ ನಾನು. ನಾನು ಬ್ಯಾಂಕಿನಲ್ಲಿದ್ದವನು. ಬಿಡುವಿನಲ್ಲಿ ಶಾಲಾ ಈಜು ಸ್ಪರ್ಧೆಗಳಲ್ಲಿ ಸ್ಟಾಪ್‌ವಾಚ್ ಹಿಡಿದು ನಿಲ್ಲುವ ಕೆಲಸ ಮಾಡಿದ್ದೇನೆ. ಒಲಿಂಪಿಕ್ಸ್ ಬಂತೆಂದರೆ ನಮ್ಮ ಮೇಜಿನ ಮೇಲೆ ಎರಡೇ ವಿಷಯ: ಈಜು, ಜಿಮ್ನಾಸ್ಟಿಕ್ಸ್. ಈ ಎರಡರಲ್ಲೂ ಭಾರತಕ್ಕೆ ಇದುವರೆಗೆ ಒಂದು ಪದಕವೂ ಬಂದಿಲ್ಲ. ಆದರೂ ನಮ್ಮ ವಾದಕ್ಕೆ ಬರಗಾಲ ಬಂದದ್ದಿಲ್ಲ. ಹೀಗೆ ಜಗಳಾಡುತ್ತಾ ಕಲಿತ ಕೆಲವು ಪಾಠಗಳು ಇಲ್ಲಿವೆ.

1. ವೇಳಾಪಟ್ಟಿ ಮೊದಲು, ಅಭಿಪ್ರಾಯ ಆಮೇಲೆ

ಸಿಡ್ನಿಯ ಈಜು ಫೈನಲ್‌ಗಳು ನಮಗೆ ಮಧ್ಯಾಹ್ನ ಬಿದ್ದವು, ಆಫೀಸಿನಲ್ಲಿದ್ದವರಿಗೆ ಪತ್ರಿಕೆಯೇ ಗತಿ. ಬೀಜಿಂಗಿನಲ್ಲಿ ಫೈನಲ್‌ಗಳನ್ನು ಬೆಳಿಗ್ಗೆಗೆ ತಂದರು. ಅಮೆರಿಕದ ಟಿವಿಯವರಿಗೆ ರಾತ್ರಿಯ ಪ್ರೇಕ್ಷಕರು ಬೇಕಿತ್ತು, ಅದಕ್ಕೆ. ಯಾರಿಗಾಗಿಯೋ ಮಾಡಿದ ಏರ್ಪಾಟಿನಿಂದ ನಮಗೂ ಲಾಭವಾಯಿತು: ಬೆಳಿಗ್ಗೆ 7:30ಕ್ಕೆ ಫೆಲ್ಪ್ಸ್‌ನನ್ನು ನೋಡಿ ಮುಗಿಸಿ ಲೋಕಲ್ ಹಿಡಿಯಬಹುದಿತ್ತು. ರಿಯೋ, ಟೋಕಿಯೊ ಕೂಡ ಹೆಚ್ಚುಕಡಿಮೆ ಹಾಲು ತರುವ ಹೊತ್ತಿಗೇ. ಲಂಡನ್, ಪ್ಯಾರಿಸ್ ಮಾತ್ರ ನಡುರಾತ್ರಿ. ಆಗ ಗುಂಪಿನಲ್ಲಿ ಎರಡು ಪಂಗಡ ಆಗುತ್ತವೆ, ನಿದ್ದೆಗೆಟ್ಟು ನೋಡಿದವರು ಮತ್ತು ಬೆಳಿಗ್ಗೆ ಮೊಬೈಲಿನಲ್ಲಿ ನೋಡಿದವರು. ನಿದ್ದೆಗೆಟ್ಟವರು ಎರಡನೇ ಕಾಫಿ ಬರುವ ತನಕ ಫಲಿತಾಂಶ ಬಾಯಿಬಿಡಬಾರದು ಎಂಬುದು ನಮ್ಮಲ್ಲಿ ಕಾನೂನು. ಶೆಟ್ರು ಅದನ್ನು ಮುಖದಲ್ಲೇ ಮುರಿಯುತ್ತಾರೆ.

2028ರ ಲಾಸ್ ಏಂಜಲೀಸ್‌ನಲ್ಲಿ ಅವರ ಸಂಜೆ ಎಂದರೆ ನಮಗೆ ಮರುದಿನ ಮುಂಜಾನೆ. ಈಜನ್ನು ಮೊದಲ ವಾರದಿಂದ ಎರಡನೇ ವಾರಕ್ಕೆ ಬೇರೆ ಹಾಕಿದ್ದಾರೆ. ರಜೆ ಹಾಕುವವರು ಈಗಲೇ ಗುರುತು ಮಾಡಿಕೊಳ್ಳಿ.

2. ನಮ್ಮವರು ಇರುವುದು ಹೀಟ್ಸ್‌ನಲ್ಲಿ, ಅಲ್ಲಿಗೆ ಹೋಗಿ ನೋಡಿ

ಇದು ಎಲ್ಲಕ್ಕಿಂತ ಮುಖ್ಯವಾದದ್ದು. 2024ರ ಜುಲೈ 28, ಭಾನುವಾರ. ಪ್ಯಾರಿಸ್‌ನಲ್ಲಿ ಬೆಳಗಿನ ಹೀಟ್ಸ್, ನಮಗೆ ಮಧ್ಯಾಹ್ನದ ಊಟ ಮುಗಿದ ಹೊತ್ತು. ಬೆಂಗಳೂರಿನ ಶ್ರೀಹರಿ ನಟರಾಜ್ 100 ಮೀಟರ್ ಬ್ಯಾಕ್‌ಸ್ಟ್ರೋಕಿನಲ್ಲಿ, ಬೆಂಗಳೂರಿನವಳೇ ಆದ ಹದಿನಾಲ್ಕರ ಧಿನಿಧಿ ದೇಸಿಂಘು 200 ಮೀಟರ್ ಫ್ರೀಸ್ಟೈಲಿನಲ್ಲಿ ನೀರಿಗಿಳಿದರು. ಅದೇ ಮಧ್ಯಾಹ್ನ ಮನು ಭಾಕರ್ ಶೂಟಿಂಗಿನಲ್ಲಿ ಕಂಚು ಗೆದ್ದಳು. ದೇಶವೆಲ್ಲ ಆ ಕಡೆ ತಿರುಗಿತು, ಅದು ಸರಿಯೇ. ಈ ಕಡೆ ಧಿನಿಧಿ 2:06.96ರಲ್ಲಿ ಗೋಡೆ ಮುಟ್ಟಿ ತನ್ನ ಹೀಟ್ ಗೆದ್ದದ್ದನ್ನು ನೋಡಿದವರು ಬೆರಳೆಣಿಕೆಯಷ್ಟು. ಒಟ್ಟಾರೆ 30 ಜನರಲ್ಲಿ ಆಕೆಗೆ 23ನೇ ಸ್ಥಾನ, ಸೆಮಿಫೈನಲ್‌ಗೆ 16 ಜನ ಮಾತ್ರ.

'23ನೇ ಸ್ಥಾನಕ್ಕೆ ಇಷ್ಟು ಸಂಭ್ರಮ ಯಾಕ್ರೀ?' ಎಂದರು ಮಾಸ್ತರು.

ನನ್ನ ಉತ್ತರ ಇದು. ಭಾರತದ ಈಜಿನ ಕಥೆಯನ್ನು ಪದಕದಿಂದ ಹಿಂದಕ್ಕೆ ಎಣಿಸಲು ಹೋದರೆ ಕೈಗೆ ಏನೂ ಹತ್ತುವುದಿಲ್ಲ, ಹೀಟ್ಸ್‌ನಿಂದ ಮುಂದಕ್ಕೆ ಎಣಿಸಬೇಕು. 2000ದಲ್ಲಿ ಸಿಡ್ನಿಗೆ ಹೋದ ನಿಶಾ ಮಿಲೆಟ್ ಈಜಿದ್ದೂ ಇದೇ 200 ಫ್ರೀಸ್ಟೈಲ್, ಅವಳೂ ತನ್ನ ಹೀಟ್ ಗೆದ್ದು ಅಲ್ಲಿಗೇ ನಿಂತಳು. 2004ರಲ್ಲಿ ಶಿಖಾ ಟಂಡನ್, 2008ರಲ್ಲಿ ರೆಹಾನ್ ಪೂಂಚಾ, 2012ರಲ್ಲಿ 1500 ಮೀಟರಿಗೆ ಗಗನ್ ಉಳ್ಳಾಲಮಠ. ಎಲ್ಲರೂ ಕರ್ನಾಟಕದವರು. 2021ರಲ್ಲಿ ಮೊದಲು ಸಾಜನ್ ಪ್ರಕಾಶ್ ರೋಮಿನಲ್ಲಿ 200 ಬಟರ್‌ಫ್ಲೈಯನ್ನು 1:56.38ಕ್ಕೆ ಮುಗಿಸಿ ಒಲಿಂಪಿಕ್ಸ್‌ಗೆ ನೇರ ಅರ್ಹತೆಯ 'ಎ' ಮಟ್ಟ ದಾಟಿದ. ಬೇಕಾಗಿದ್ದದ್ದು 1:56.48, ಅಂದರೆ ಹತ್ತನೇ ಒಂದು ಸೆಕೆಂಡ್ ಉಳಿತಾಯ. ಬೆನ್ನಿಗೇ ಶ್ರೀಹರಿ 53.77. ಅದುವರೆಗೆ ಯಾವ ಭಾರತೀಯ ಈಜುಗಾರನೂ ಯಾರ ಕೃಪೆಯೂ ಇಲ್ಲದೆ ನೇರ ಟಿಕೆಟ್ ಪಡೆದಿರಲಿಲ್ಲ. ಪ್ಯಾರಿಸ್‌ಗೆ ಮತ್ತೆ ನೇರ ಅರ್ಹತೆ ಪಡೆದವರಿಲ್ಲದ ದೇಶಗಳಿಗಿರುವ ಸಾರ್ವತ್ರಿಕ ಕೋಟಾ: ಒಬ್ಬ ಹುಡುಗ, ಒಬ್ಬಳು ಹುಡುಗಿ. ಶ್ರೀಹರಿ ಅಲ್ಲಿ 55.01 ಮಾಡಿದ. ಬೈಯುವುದಿದ್ದರೆ ಇಲ್ಲಿ ಬೈಯಿರಿ: ಅವನದೇ 53.77ರ ಎದುರು ಈ 55.01 ಇಟ್ಟು, ಮೂರು ವರ್ಷದಲ್ಲಿ ಏನಾಯಿತು ಎಂದು ಕೇಳಿ. ಚಿನ್ನ ಗೆದ್ದವನ ಟೈಮಿಂಗ್ ಪಕ್ಕಕ್ಕಿಟ್ಟು 'ಎಷ್ಟು ಹಿಂದೆ ನೋಡಿ' ಎಂದರೆ ಅದರಿಂದ ಏನೂ ತಿಳಿಯುವುದಿಲ್ಲ.

ಶೆಟ್ರ ಉಪಪ್ರಶ್ನೆಯೊಂದು ಪ್ರತಿಸಲ ಬರುತ್ತದೆ: 'ಮೂರು ಕಡೆ ಸಮುದ್ರ ಇರುವುದು ಮುಂಬೈಗೆ, ಈಜುಗಾರರು ಮಾತ್ರ ಬೆಂಗಳೂರಿನವರು, ಇದೆಂಥದು ಮಾರಾಯ್ರೆ?' ಸಮುದ್ರಕ್ಕೂ ಐವತ್ತು ಮೀಟರಿನ ಕೊಳಕ್ಕೂ ಸಂಬಂಧವಿಲ್ಲ. ಬೇಕಾದ್ದು ಕೋಚ್ ಮತ್ತು ನಸುಕಿನಲ್ಲಿ ಖಾಲಿ ಸಿಗುವ ಲೇನ್. ಕೊಲ್ಹಾಪುರದ ವೀರಧವಲ್ ಖಾಡೆಯೂ ಬೆಂಗಳೂರಿಗೆ ಹೋಗಿ ನಿಹಾರ್ ಅಮೀನರ ಕೈಕೆಳಗೆ ಈಜಿದವನೇ. ಆದರೆ ಮುಂಬೈಯವರ ಮಾನ ಉಳಿಸಲು ಒಂದು ಹೆಸರಿದೆ: 1952ರ ಹೆಲ್ಸಿಂಕಿಗೆ ಹೋದ ಡಾಲಿ ನಜೀರ್. ಈ ಹೆಸರನ್ನು ಯಾವ ವಾದದಲ್ಲಿ ಎಸೆದರೂ ಎದುರಿನವರು ಒಂದು ನಿಮಿಷ ಸುಮ್ಮನಾಗುತ್ತಾರೆ.

3. ಕ್ರಿಕೆಟ್ಟಿನ ಅಳತೆಗೋಲು ಮನೆಯಲ್ಲಿರಲಿ

2023ರ ಅಕ್ಟೋಬರಿನಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ ನಮ್ಮ ಪಕ್ಕದ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲೇ ನಡೆಯಿತು. ಲಾಸ್ ಏಂಜಲೀಸ್‌ಗೆ ಕ್ರಿಕೆಟ್ ಸೇರಿದ್ದು ಅಲ್ಲೇ. ಅಂದಿನಿಂದ ಪಕ್ಕದ ಮೇಜಿನವರೆಲ್ಲ ಒಲಿಂಪಿಕ್ಸ್ ಪಂಡಿತರಾಗಿದ್ದಾರೆ. ಕ್ರಿಕೆಟ್ಟಿನಲ್ಲಿ ಇವತ್ತು ಸೊನ್ನೆಗೆ ಔಟಾದವನು ನಾಲ್ಕು ದಿನ ಬಿಟ್ಟು ಇನ್ನೊಂದು ಇನಿಂಗ್ಸ್ ಆಡುತ್ತಾನೆ. ಬ್ಯಾಕ್‌ಸ್ಟ್ರೋಕಿನ ಹುಡುಗನಿಗೆ ಒಂದು ನಿಮಿಷಕ್ಕೂ ಕಡಿಮೆ, ಆಮೇಲೆ ನಾಲ್ಕು ವರ್ಷ. 'ಫಾರ್ಮ್‌ನಲ್ಲಿಲ್ಲ' ಎಂಬ ಮಾತನ್ನು ಇಲ್ಲಿ ತರಬೇಡಿ.

4. ಗಡಿಯಾರವನ್ನು ನಂಬಿ, ಅದರ ಹಿಂದಿನ ಬೆರಳನ್ನೂ ನೋಡಿ

ಈಜಿನಲ್ಲಿ ಜಗಳಕ್ಕೆ ಜಾಗವೇ ಇಲ್ಲ, ಗಡಿಯಾರ ಹೇಳಿದ ಮೇಲೆ ಮುಗಿಯಿತು ಎನ್ನುವವರು ಸ್ಟಾಪ್‌ವಾಚ್ ಹಿಡಿದು ನೋಡಿಲ್ಲ. ಶಾಲಾ ಸ್ಪರ್ಧೆಯಲ್ಲಿ ಒಂದು ಲೇನಿಗೆ ಮೂವರು ಟೈಮ್‌ಕೀಪರ್‌ಗಳು. ಶುರುವಿಗೆ ಪಿಸ್ತೂಲಿನ ಸದ್ದಿಗೆ ಕಾಯಬಾರದು, ಅದರ ಹೊಗೆ ಕಂಡ ಕೂಡಲೇ ಗುಂಡಿ ಒತ್ತಬೇಕು. ಹುಡುಗ ಬರುವಾಗ ಗೋಡೆಯ ಅಂಚಿಗೆ ಬಗ್ಗಿ, ನೀರಿನ ಸಿಡಿತದ ನಡುವೆ ಅವನ ಬೆರಳ ತುದಿಯನ್ನೇ ಹುಡುಕಬೇಕು. ಕನ್ನಡಕದ ಮೇಲೆ ಕ್ಲೋರಿನ್ ನೀರು ಬಿದ್ದಿರುತ್ತದೆ, ಹಿಂದೆ ಅಪ್ಪ ಅಮ್ಮಂದಿರು ಕೂಗುತ್ತಿರುತ್ತಾರೆ. ಮೂರು ವಾಚುಗಳಲ್ಲಿ ಮೂರು ಸಮಯ ಬಂದರೆ ನಡುವಿನದನ್ನು ಬರೆಯುತ್ತಾರೆ. ನಡುವಿನದು ನಿಜವೆಂದಲ್ಲ, ಅದೊಂದು ಒಪ್ಪಂದ.

ಒಲಿಂಪಿಕ್ಸ್ ಕೂಡ ಈ ದಾರಿಯಲ್ಲೇ ನಡೆದು ಬಂದಿದೆ. 1960ರ ರೋಮ್, 100 ಮೀಟರ್ ಫ್ರೀಸ್ಟೈಲ್. ಅಮೆರಿಕದ ಲ್ಯಾನ್ಸ್ ಲಾರ್ಸನ್‌ಗೆ ಮೂರು ವಾಚುಗಳು 55.0, 55.1, 55.1 ಎಂದವು, ಆಸ್ಟ್ರೇಲಿಯಾದ ಜಾನ್ ಡೆವಿಟ್‌ಗೆ ಮೂರೂ 55.2. ಮೊದಲ ಸ್ಥಾನ ನೋಡುವ ಮೂವರು ತೀರ್ಪುಗಾರರಲ್ಲಿ ಇಬ್ಬರು ಡೆವಿಟ್ ಗೆದ್ದ ಎಂದರು. ಎರಡನೇ ಸ್ಥಾನ ನೋಡುವ ಮೂವರಲ್ಲಿ ಇಬ್ಬರು ಡೆವಿಟ್ ಎರಡನೆಯವ ಎಂದರು! ಮುಖ್ಯ ತೀರ್ಪುಗಾರ ಚಿನ್ನವನ್ನು ಡೆವಿಟ್‌ಗೇ ಕೊಟ್ಟ. ನಮ್ಮ ಎಂಜಿನಿಯರ್ ಸಾಹೇಬರು ಈ ಕಥೆ ಕೇಳಿದಾಗಲೆಲ್ಲ ಚಮಚ ಕೆಳಗಿಡುತ್ತಾರೆ.

ಮುಂದೆ ಯಂತ್ರ ಬಂತು, ಅದು ಅತಿಯಾಯಿತು. 1972ರ ಮ್ಯೂನಿಕ್, 400 ಮೀಟರ್ ಮೆಡ್ಲೆ: ಸ್ವೀಡನ್ನಿನ ಗುನ್ನಾರ್ ಲಾರ್ಸನ್ 4:31.981, ಅಮೆರಿಕದ ಟಿಮ್ ಮೆಕೀ 4:31.983. ಸೆಕೆಂಡಿನ ಸಾವಿರದಲ್ಲಿ ಎರಡು ಪಾಲಿನ ಅಂತರದಲ್ಲಿ ಚಿನ್ನ. ಆ ವೇಗದಲ್ಲಿ ಅಷ್ಟು ಹೊತ್ತಿಗೆ ಮನುಷ್ಯ ಕ್ರಮಿಸುವುದು ಸುಮಾರು ಮೂರು ಮಿಲಿಮೀಟರ್. ಕೊಳದ ಒಂದೊಂದು ಲೇನಿನ ಉದ್ದದಲ್ಲೇ ಅದಕ್ಕಿಂತ ಹೆಚ್ಚಿನ ವ್ಯತ್ಯಾಸಕ್ಕೆ ನಿಯಮದ ಒಪ್ಪಿಗೆಯಿದೆ, ಗಾರೆಯವನು ಹೆಂಚು ಕೂರಿಸಿದ ಕೈಮೇಲೆ ಹೋಗುತ್ತದೆ. ಅದಕ್ಕೇ ಆಮೇಲೆ ನೂರನೇ ಒಂದು ಸೆಕೆಂಡಿಗೆ ನಿಲ್ಲಿಸಿದರು. ಸಮವಾದರೆ ಸಮವೇ, ಇಬ್ಬರಿಗೂ ಪದಕ. 2016ರ ರಿಯೋದಲ್ಲಿ ಸಿಮೋನ್ ಮ್ಯಾನ್ಯುಯೆಲ್, ಪೆನ್ನಿ ಒಲೆಕ್ಸಿಯಾಕ್ 52.70ರಲ್ಲಿ ಚಿನ್ನ ಹಂಚಿಕೊಂಡರು. ಅದೇ ರಿಯೋದಲ್ಲಿ ಸಿಂಗಾಪುರದ ಜೋಸೆಫ್ ಸ್ಕೂಲಿಂಗ್ 100 ಬಟರ್‌ಫ್ಲೈ ಗೆದ್ದಾಗ ಹಿಂದೆ ಫೆಲ್ಪ್ಸ್, ಲ ಕ್ಲೋ, ಚೆಹ್ ಮೂವರಿಗೂ 51.14, ಮೂವರಿಗೂ ಬೆಳ್ಳಿ.

2008ರ ಫೆಲ್ಪ್ಸ್–ಚಾವಿಚ್ ಜಗಳ ನಮ್ಮ ಮೇಜಿನಲ್ಲಿ ಇನ್ನೂ ಹಳಸಿಲ್ಲ. ಅದೇ 100 ಬಟರ್‌ಫ್ಲೈ, ಫೆಲ್ಪ್ಸ್‌ಗೆ 50.58, ಸರ್ಬಿಯಾದ ಚಾವಿಚ್‌ಗೆ 50.59. ಟಿವಿಯಲ್ಲಿ ಚಾವಿಚ್‌ನ ಕೈ ಮೊದಲು ಬಂದಂತೆ ಕಾಣುತ್ತದೆ. ಸರ್ಬಿಯಾ ತಕರಾರು ಹಾಕಿತು, ಚಿತ್ರಗಳನ್ನು ನೋಡಿ ತಳ್ಳಿಹಾಕಿದರು. ವಿಷಯ ಇಷ್ಟೇ: ಟಚ್‌ಪ್ಯಾಡ್‌ಗೆ ಬೆರಳು ಸೋಕಿದರೆ ಸಾಲದು, ಒತ್ತಬೇಕು. ಚಾವಿಚ್ ಕೈ ಚಾಚಿ ಜಾರಿಬಂದ, ಫೆಲ್ಪ್ಸ್ ಇನ್ನೊಂದು ಅರ್ಧ ಬೀಸು ಹಾಕಿ ಗೋಡೆಗೆ ಬಡಿದ. ನಾನು ಪಕ್ಕಾ ಫೆಲ್ಪ್ಸ್ ಪಕ್ಷ. ಶಾಲಾ ಮಕ್ಕಳಿಗೂ 'ಗೋಡೆಯನ್ನು ಮುಟ್ಟಬೇಡಿ, ಗುದ್ದಿ' ಎಂದೇ ಹೇಳುವುದು.

5. ನೀರೂ ಒಬ್ಬ ಸ್ಪರ್ಧಿ

ಪ್ಯಾರಿಸ್‌ನಲ್ಲಿ ಮೊದಲ ದಿನಗಳಲ್ಲಿ ಟೈಮಿಂಗ್ ಮಂಕಾಗಿದ್ದಾಗ 'ಕೊಳವೇ ನಿಧಾನ' ಎಂಬ ಮಾತೆದ್ದಿತು. ರಗ್ಬಿ ನಡೆಯುವ ಒಳಾಂಗಣದಲ್ಲಿ ತಾತ್ಕಾಲಿಕವಾಗಿ ಕಟ್ಟಿದ ಕೊಳ, ಆಳ ಸುಮಾರು 2.15 ಮೀಟರ್. ಆಳ ಕಡಿಮೆಯಾದರೆ ಅಲೆ ತಳಕ್ಕೆ ಬಡಿದು ವಾಪಸ್ ಬಂದು ಈಜುವವನ ಎದೆಗೆ ತಾಗುತ್ತದೆ ಎಂದು ಎಂಜಿನಿಯರ್ ಸಾಹೇಬರು ಪೇಪರ್ ನ್ಯಾಪ್ಕಿನ್ನಿನ ಮೇಲೆ ಚಿತ್ರ ಬರೆದು ತೋರಿಸಿದರು. ವಾದ ಚೆನ್ನಾಗಿಯೇ ಇತ್ತು. ಆದರೆ ಅದೇ ನೀರಿನಲ್ಲಿ ಚೀನಾದ ಪಾನ್ ಝಾನ್‌ಲೆ 100 ಫ್ರೀಸ್ಟೈಲನ್ನು 46.40ಕ್ಕೆ ಮುಗಿಸಿ ವಿಶ್ವದಾಖಲೆ ಬರೆದ. ಸಾಹೇಬರು ನ್ಯಾಪ್ಕಿನ್ ಮಡಚಿ ಜೇಬಿಗಿಟ್ಟುಕೊಂಡರು.

ಉಡುಪಿನ ಕಥೆಯೂ ಇದೇ ಜಾತಿಯದು. 2009ರ ರೋಮ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪಾಲಿಯುರೆಥೇನ್ ಸೂಟು ತೊಟ್ಟವರು 43 ವಿಶ್ವದಾಖಲೆ ಮಾಡಿದರು, 2010ರ ಜನವರಿಯಿಂದ ಸೂಟುಗಳಿಗೆ ನಿಷೇಧ ಬಂತು. ಆ ಕಾಲದ ದಾಖಲೆಗಳನ್ನು ಯಾರಾದರೂ ಬೀಗುತ್ತಾ ಹೇಳಿದರೆ ಇಸವಿ ಕೇಳಿ.

6. ಜಡ್ಜನ್ನು ಬೈಯುವ ಮುನ್ನ ಲೆಕ್ಕ ಹಾಕಿ

ಜಿಮ್ನಾಸ್ಟಿಕ್ಸ್ ಕಣ್ಣಿನ ಆಟ, ಅಂಕ ಕೊಡುವವರ ಮನಸ್ಸಿಗೆ ಬಂದಂತೆ ಎನ್ನುವುದು ಸುಲಭ. 2016ರ ಆಗಸ್ಟ್ 14ರ ರಾತ್ರಿ ಹನ್ನೊಂದು ದಾಟಿದ ಮೇಲೆ ತ್ರಿಪುರಾದ ದೀಪಾ ಕರ್ಮಾಕರ್ ವಾಲ್ಟ್ ಫೈನಲ್‌ಗೆ ಓಡಿದಾಗ ಇಡೀ ದೇಶ ಹಾಗೇ ಅಂದಿತು. ಬೆಳಿಗ್ಗೆ ಧ್ವಜಾರೋಹಣಕ್ಕೆ ಹೋದಲ್ಲೆಲ್ಲ ಅದೇ ಮಾತು: 'ಅನ್ಯಾಯ ಮಾಡಿದ್ರು'.

ನಾವು ಅಂಕಪಟ್ಟಿ ಇಟ್ಟುಕೊಂಡು ಕೂತೆವು. ಪ್ರತಿ ವಾಲ್ಟಿಗೆ ಎರಡು ಅಂಕ: ಎಷ್ಟು ಕಷ್ಟದ್ದು, ಎಷ್ಟು ಚೊಕ್ಕವಾಗಿ ಮಾಡಿದಳು. ದೀಪಾಳ ಮೊದಲನೆಯದು 6.0 ಮತ್ತು 8.866, ಒಟ್ಟು 14.866. ಎರಡನೆಯದು ಪ್ರೊಡುನೋವಾ, ಮೇಜಿನ ಮೇಲೆ ಅಂಗೈ ಊರಿ ಚಿಮ್ಮಿ ಮುಂದಕ್ಕೆ ಎರಡು ಲಾಗ. ಕಷ್ಟಕ್ಕೆ 7.0, ಚೊಕ್ಕತನಕ್ಕೆ 8.266, ಒಟ್ಟು 15.266. ಸರಾಸರಿ 15.066. ಕಂಚು ಗೆದ್ದ ಸ್ವಿಟ್ಜರ್ಲೆಂಡಿನ ಜೂಲಿಯಾ ಸ್ಟೈನ್‌ಗ್ರೂಬರ್‌ಗೆ 15.216. ವ್ಯತ್ಯಾಸ 0.150. ಸರಾಸರಿಯಾದ್ದರಿಂದ ಎರಡೂ ವಾಲ್ಟ್ ಸೇರಿ 0.30. ಲ್ಯಾಂಡಿಂಗಿನಲ್ಲಿ ಒಂದು ದೊಡ್ಡ ಹೆಜ್ಜೆ ತಪ್ಪಿದರೆ ಹೋಗುವಷ್ಟು.

ಈಗ ಆ ಲ್ಯಾಂಡಿಂಗ್ ನೋಡಿ. ಎರಡನೇ ಲಾಗ ಬಿಚ್ಚುವಷ್ಟರಲ್ಲಿ ನೆಲ ಬಂದುಬಿಟ್ಟಿದೆ. ಪಾದ ಊರಿತು, ಮಂಡಿ ಪೂರ್ತಿ ಮಡಚಿತು, ಸೊಂಟ ಹಿಮ್ಮಡಿಯ ಮಟ್ಟಕ್ಕೆ ಇಳಿಯಿತು, ಅಲ್ಲಿಂದ ಆಕೆ ಎದ್ದಳು. ಕೂತಳೇ, ಕೂರಲಿಲ್ಲವೇ? ನಮ್ಮ ಗುಂಪು ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿತು. ಬಿದ್ದದ್ದೆಂದು ಲೆಕ್ಕ ಹಿಡಿದರೆ ಒಂದು ಪೂರ್ತಿ ಅಂಕ ಕಡಿತ. 8.266ರಲ್ಲಿ ಆ ಕಡಿತ ಸೇರಿದಂತೆ ಕಾಣುವುದಿಲ್ಲ. ಅದೂ ಸೇರಿದ್ದರೆ ಸರಾಸರಿ 14.566, ನಾಲ್ಕನೆಯವಳು ಎಂಟನೇ ಸ್ಥಾನಕ್ಕೆ ಇಳಿಯುತ್ತಿದ್ದಳು. ಅಂದರೆ ಅನುಮಾನದ ಲಾಭವನ್ನು ಜಡ್ಜುಗಳು ದೀಪಾಳಿಗೇ ಕೊಟ್ಟಿದ್ದಾರೆ. ಇದನ್ನು ಹೇಳಿದ್ದಕ್ಕೆ ಶೆಟ್ರು ನನ್ನ ಹತ್ತಿರ ಬಹಳ ದಿನ ಸರಿಯಾಗಿ ಮಾತಾಡಲಿಲ್ಲ.

ಕಂಚು ಹೋದದ್ದು ಪ್ರೊಡುನೋವಾದಲ್ಲಿ ಅಲ್ಲ, 6.0ರ ಮೊದಲ ವಾಲ್ಟಿನಲ್ಲಿ ಎಂಬುದು ನನ್ನ ಅಭಿಪ್ರಾಯ. ಅದು ಇನ್ನೂ ಕಷ್ಟದ್ದಾಗಿದ್ದರೆ 0.30 ಅಲ್ಲೇ ಸಿಗುತ್ತಿತ್ತು. ರಿಯೋ ಆದ ಮೇಲೆ ಪ್ರೊಡುನೋವಾದ ಬೆಲೆಯನ್ನೂ 7.0ಯಿಂದ 6.4ಕ್ಕೆ ಇಳಿಸಿದರು. ಪ್ರಾಣಕ್ಕೆ ಸಂಚಕಾರ ತರುವ ಲಾಗಕ್ಕೆ ಅಷ್ಟು ಆಮಿಷ ಒಡ್ಡಬಾರದು. ಅದು ಸರಿಯಾದ ಕೆಲಸ, ದೀಪಾಳ ಅಭಿಮಾನಿಗಳಿಗೆ ಎಷ್ಟೇ ಬೇಸರವಾದರೂ.

7. ತಕರಾರಿಗೂ ಗಡುವಿದೆ

2024ರ ಆಗಸ್ಟ್ 5, ಪ್ಯಾರಿಸ್‌ನ ಫ್ಲೋರ್ ಫೈನಲ್. ಅಮೆರಿಕದ ಜೋರ್ಡನ್ ಚೈಲ್ಸ್‌ಗೆ 13.666, ಐದನೇ ಸ್ಥಾನ. ಕೋಚ್ ತಕರಾರು ಹಾಕಿದರು, 0.1 ಸೇರಿ 13.766 ಆಯಿತು, ಕಂಚು ಬಂತು. ರೊಮೇನಿಯಾದ ಆನಾ ಬರ್ಬೋಸು ಧ್ವಜ ಹೊದ್ದು ಕುಣಿಯುತ್ತಿದ್ದವಳು ನಿಂತಲ್ಲೇ ಅತ್ತಳು. ಆಮೇಲೆ ಕ್ರೀಡಾ ನ್ಯಾಯಾಲಯ ತಕರಾರು ಬಂದದ್ದು ಒಂದು ನಿಮಿಷ ನಾಲ್ಕು ಸೆಕೆಂಡಿಗೆ, ಗಡುವು ಒಂದೇ ನಿಮಿಷ ಎಂದು ಕಂಚನ್ನು ಬರ್ಬೋಸುಗೆ ಕೊಡಿಸಿತು. ಮಾಸ್ತರು ಬರ್ಬೋಸು ಪಕ್ಷ: 'ಪರೀಕ್ಷಾ ಹಾಲಿನಲ್ಲಿ ಗಂಟೆ ಹೊಡೆದ ಮೇಲೆ ಬರೆದದ್ದಕ್ಕೆ ಅಂಕ ಇಲ್ರೀ.' ನಾನು ಚೈಲ್ಸ್ ಪಕ್ಷ: ಗಡುವು ಮೀರಿದ್ದರೆ ತೆಗೆದುಕೊಂಡವರು ಅಲ್ಲೇ ಬೇಡ ಎನ್ನಬೇಕಿತ್ತು, ಕೊರಳಿಗೆ ಹಾಕಿದ ಮೇಲೆ ಕಸಿಯುವುದಲ್ಲ. ಇಲ್ಲಿ ಒಮ್ಮತಕ್ಕೆ ಕಾಯಬೇಡಿ, ಬಿಲ್ ಕೊಟ್ಟು ಎದ್ದೇಳಿ.

8. ಸೋಫಾದಿಂದ ಕೂಗುವ ಮೊದಲು ಒಮ್ಮೆ ಶಿವಾಜಿ ಪಾರ್ಕಿಗೆ ಹೋಗಿ

2021ರಲ್ಲಿ ಟೋಕಿಯೊದಲ್ಲಿ ಸಿಮೋನ್ ಬೈಲ್ಸ್ ತಂಡದ ಫೈನಲ್‌ನಿಂದ ಹಿಂದೆ ಸರಿದಾಗ 'ಧೈರ್ಯ ಸಾಲಲಿಲ್ಲ' ಎಂದವರು ನಮ್ಮಲ್ಲೂ ಇದ್ದರು. ಎರಡೂವರೆ ಸುತ್ತು ಸುತ್ತಬೇಕಾದ ವಾಲ್ಟಿನಲ್ಲಿ ಒಂದೂವರೆಗೇ ನಿಂತಿತ್ತು ಅವಳ ಮೈ, ಗಾಳಿಯಲ್ಲಿ ತಾನೆಲ್ಲಿದ್ದೇನೆ ಎಂಬುದೇ ತಪ್ಪಿಹೋಗಿತ್ತು.

ಆ ಚರ್ಚೆಯನ್ನು ನಿಲ್ಲಿಸಿದವಳು ಮಾಸ್ತರ ಮೊಮ್ಮಗಳು. ಅವಳು ದಾದರಿನ ಶಿವಾಜಿ ಪಾರ್ಕಿನಲ್ಲಿ ಮಲ್ಲಕಂಬ ಕಲಿಯುತ್ತಾಳೆ. ಸಮರ್ಥ ವ್ಯಾಯಾಮ ಮಂದಿರ ಇರುವ ಪಾರ್ಕು ಅದು. ಮೊದಲ ಮಲ್ಲಕಂಬ ವಿಶ್ವ ಚಾಂಪಿಯನ್‌ಶಿಪ್ 2019ರಲ್ಲಿ ನಡೆದದ್ದೂ ಅಲ್ಲೇ. ಹರಳೆಣ್ಣೆ ಹಚ್ಚಿ ಹೊಳೆಯುವ ಕಂಬ. ಹುಡುಗಿ ತೊಡೆಯಿಂದ ಅಪ್ಪಿ ಹಿಡಿದು, ತಲೆ ಕೆಳಗೆ ಮಾಡಿ, ಎರಡೂ ಕೈ ಬಿಟ್ಟಳು. 'ಅಜ್ಜಾ, ಈಗ ನನಗೆ ಯಾವುದು ಮೇಲೆ ಯಾವುದು ಕೆಳಗೆ ಅಂತ ಮರೆತು ಹೋದ್ರೆ ಏನಾಗ್ತದ ಹೇಳು?' ಎಂದಳು ಅಲ್ಲಿಂದಲೇ. ಮಾಸ್ತರು ಉತ್ತರಿಸಲಿಲ್ಲ, 'ಮೊದಲು ಕೆಳಗೆ ಇಳಿ' ಎಂದರು. ಬೈಲ್ಸ್ ಕೆಲವೇ ದಿನಗಳಲ್ಲಿ ಬೀಮ್‌ನಲ್ಲಿ ಕಂಚು ಗೆದ್ದಳು, ಪ್ಯಾರಿಸ್‌ಗೆ ಬಂದು ಮೂರು ಚಿನ್ನ ಒಯ್ದಳು.

9. ವಯಸ್ಸಿನ ಮಾತು ಎತ್ತಿದರೆ ಎರಡೂ ತುದಿ ಹೇಳಿ

1976ರಲ್ಲಿ ಹತ್ತಕ್ಕೆ ಹತ್ತು ಪಡೆದ ಜಿಮ್ನಾಸ್ಟ್ ನಾದಿಯಾಗೆ ಹದಿನಾಲ್ಕು. ಈಗ ಮಹಿಳಾ ಜಿಮ್ನಾಸ್ಟಿಕ್ಸ್‌ಗೆ ಹದಿನಾರು ತುಂಬುವ ವರ್ಷ ಬರಬೇಕು. 1952ರಲ್ಲಿ ಹೆಲ್ಸಿಂಕಿಯಲ್ಲಿ ಈಜಿದ ನಮ್ಮ ಆರತಿ ಸಾಹಾಗೆ ಹನ್ನೊಂದು. ದೀಪಾಳ ಜೊತೆ ಅದೇ ಫೈನಲ್‌ನಲ್ಲಿ ಪ್ರೊಡುನೋವಾಕ್ಕೆ ಕೈಹಾಕಿದ ಉಜ್ಬೇಕಿಸ್ತಾನದ ಒಕ್ಸಾನಾ ಚುಸೊವಿಟಿನಾಗೆ 41.

10. ಮುಂದಿನ ಜಗಳವನ್ನು ಈಗಲೇ ಕಾಯ್ದಿರಿಸಿ

ಲಾಸ್ ಏಂಜಲೀಸ್‌ಗೆ ಬಟರ್‌ಫ್ಲೈ, ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್ ಮೂರರಲ್ಲೂ 50 ಮೀಟರ್ ಸ್ಪರ್ಧೆ ಸೇರಿಸಿದ್ದಾರೆ. ಇಲ್ಲಿಯವರೆಗೆ ಐವತ್ತು ಮೀಟರ್ ಇದ್ದದ್ದು ಫ್ರೀಸ್ಟೈಲಿಗೆ ಮಾತ್ರ. ಕೇಳಿದ ಕೂಡಲೇ ಶೆಟ್ರು ಮೇಜು ತಟ್ಟಿದರು. 2010ರ ಗ್ವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ವೀರಧವಲ್ ಖಾಡೆ ಕಂಚು ಗೆದ್ದದ್ದು 50 ಬಟರ್‌ಫ್ಲೈಯಲ್ಲೇ. 1986ರ ಖಜಾನ್ ಸಿಂಗ್ ಬೆಳ್ಳಿಯ ನಂತರ ಏಷ್ಯನ್ ಗೇಮ್ಸ್ ಈಜಿನಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. 'ಈ ಬುದ್ಧಿ ಇವರಿಗೆ ಆಗಲೇ ಬಂದಿದ್ದರೆ ಹುಡುಗ ಲಂಡನ್ನಿನಲ್ಲಿ ಫೈನಲ್ ಈಜುತ್ತಿದ್ದ' ಎಂಬುದು ಶೆಟ್ರ ವಾದ. ಆಗ ಅಮೆರಿಕ, ಆಸ್ಟ್ರೇಲಿಯಾ, ಬ್ರೆಜಿಲ್‌ನವರೂ ಅದೇ ಐವತ್ತು ಮೀಟರಿಗೆ ತಯಾರಾಗಿ ಬರುತ್ತಿದ್ದರಲ್ಲ ಎಂಬುದು ಮಾಸ್ತರ ಸವಾಲು. ಎಂಜಿನಿಯರ್ ಸಾಹೇಬರು ಗ್ವಾಂಗ್‌ಝೌ ಟೈಮಿಂಗ್ ಹುಡುಕಿ ತರುತ್ತೇನೆಂದು ಹೇಳಿ ಹೋಗಿದ್ದಾರೆ. ಬಂದ ಮೇಲೆ ನೋಡೋಣ.